ಗುಳಿಗೆಯಿಂದ ಬಂದ ಲೂಪಸ್: ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ಮ ಅವ್ವಗ 58 ವರ್ಷ. ಟಿಬಿ ಗುಳಿಗಿ ಚಾಲೂ ಮಾಡಿ ಐದನೇ ತಿಂಗಳು. ಈಗ ಸಣ್ಣ ಜ್ವರ, ಕೀಲು ಬ್ಯಾನಿ, ಉಸಿರು ಎಳದ್ರ ಎದಿ ಚುಚ್ಚತೈತಿ. ರಕ್ತ ಪರೀಕ್ಷಾದಾಗ ಎಎನ್‌ಎ ಪಾಸಿಟಿವ್ ಬಂದೈತಿ, ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮ್ಯಾಲೇ ತಿರುಗಿಬೀಳೋ ಕಾಯಿಲೆ) ಇರಬಹುದು ಅಂದಾರ. ಗುಳಿಗಿ ಬಂದ್ ಮಾಡ್ಲೇನ್ರಿ? ಜೀವನಪರ್ಯಂತ ಔಷಧಿ ಬೇಕಾಗ್ತೈತೇನ್ರಿ?
(ಜಮಖಂಡಿಯ ಓದುಗರು)

ಉತ್ತರ: ಬಂದ್ ಮಾಡಬೇಡಿ. ನಾಳೆಯೇ ಅವ್ವನನ್ನು ಕರೆದುಕೊಂಡು ಟಿಬಿ ವೈದ್ಯರ ಹತ್ತಿರ ಹೋಗಿ. ವಿಜಯಪುರದ ನನ್ನ ಒಪಿಡಿಗೆ ಇದೇ ಪ್ರಶ್ನೆ ಹೊತ್ತು ಬರುವವರಲ್ಲಿ ಎಷ್ಟೋ ಮಂದಿ ಗುಳಿಗೆ ಬಿಟ್ಟು ತಿಂಗಳಾದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಟಿಬಿ ಮತ್ತೆ ಹೆಡೆ ಎತ್ತಿರುತ್ತದೆ. ಔಷಧಕ್ಕೆ ಬಗ್ಗದ ಟಿಬಿ ಹುಟ್ಟುವ ದಾರಿಯೂ ಇದೇ.

ಈ ನೋವು ಮೊದಲ ಎರಡು ತಿಂಗಳಲ್ಲಿ ಬಂದಿದ್ದರೆ ನಾನು ಪೈರಜಿನಮೈಡ್ ಎಂಬ ಟಿಬಿ ಔಷಧದ ಮೇಲೆ ಅನುಮಾನ ಪಡುತ್ತಿದ್ದೆ. ಅದು ಯೂರಿಕ್ ಆಸಿಡ್ ಏರಿಸಿ ಕೀಲು ನೋಯಿಸುತ್ತದೆ, ಲೂಪಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸಾಮಾನ್ಯ ಆರು ತಿಂಗಳ ಚಿಕಿತ್ಸೆಯಲ್ಲಿ ಅದು ಎರಡು ತಿಂಗಳಿಗೇ ಮುಗಿಯುತ್ತದೆ. ಐದನೇ ತಿಂಗಳಲ್ಲಿ ಜ್ವರ, ಕೀಲು ನೋವು, ಎದೆ ಚುಚ್ಚು ಒಟ್ಟಿಗೆ ಬಂದರೆ ನನ್ನ ಕಣ್ಣು ಹೋಗುವುದು ಐಸೋನಿಯಾಜಿಡ್ ಎಂಬ ಇನ್ನೊಂದು ಟಿಬಿ ಔಷಧದ ಕಡೆಗೆ. ಇದನ್ನು ಯಕೃತ್ತು ಕರಗಿಸಿ ಹೊರಹಾಕಬೇಕು. ಕೆಲವರಲ್ಲಿ ಆ ಕೆಲಸ ಹುಟ್ಟಿನಿಂದಲೇ ನಿಧಾನ, ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಪರೂಪಕ್ಕೆ ಕೆಲವರ ರೋಗನಿರೋಧಕ ವ್ಯವಸ್ಥೆ ತನ್ನದೇ ಜೀವಕೋಶದ ಹಿಸ್ಟೋನ್ ಎಂಬ ಪ್ರೋಟೀನನ್ನು ಶತ್ರುವೆಂದು ಬಗೆದು ಅದರ ಮೇಲೆ ಏರಿಹೋಗುತ್ತದೆ. ಗುಳಿಗೆಯಿಂದ ಬರುವ ಲೂಪಸ್ ಎಂದರೆ ಇದೇ. ಇದು ಗುಳಿಗೆ ನುಂಗಿದ ಒಂದೆರಡು ದಿನಕ್ಕೆ ಮೈಯೆಲ್ಲ ದದ್ದು ಏಳುವ ಅಲರ್ಜಿಯಲ್ಲ.

ಇನ್ನು ಎಎನ್‌ಎ, ಅಂದರೆ ತನ್ನದೇ ಜೀವಕೋಶದ ವಿರುದ್ಧ ಹುಟ್ಟುವ ಆ್ಯಂಟಿಬಾಡಿ. ಐಸೋನಿಯಾಜಿಡ್ ತೆಗೆದುಕೊಳ್ಳುವ ಎಷ್ಟೋ ಜನರಲ್ಲಿ ಅದು ಪಾಸಿಟಿವ್ ಬರುತ್ತದೆ, ಕಾಯಿಲೆ ಬರುವುದು ತೀರಾ ಕೆಲವರಿಗೆ. ಒಂದು ಕಾಗದ ನೋಡಿ ‘ಲೂಪಸ್’ ಎಂದು ಹೆದರಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಹಿಸ್ಟೋನ್ ವಿರುದ್ಧದ ಆ್ಯಂಟಿಬಾಡಿ, ಡಿಎಸ್-ಡಿಎನ್‌ಎ (ನಮ್ಮದೇ ಡಿಎನ್‌ಎ ವಿರುದ್ಧದ ಆ್ಯಂಟಿಬಾಡಿ), ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ ಎಲ್ಲವನ್ನೂ ಕೂಡಿಸಿ ನೋಡಬೇಕು. ಎದೆಯ ಚುಚ್ಚು ಟಿಬಿಯದ್ದೇ ಆಗಿರಬಹುದಲ್ಲ?

ಐಸೋನಿಯಾಜಿಡ್ ಕಾರಣವೆಂದು ಗೊತ್ತಾದರೆ ವೈದ್ಯರು ಅದೊಂದನ್ನೇ ತೆಗೆದು ಬದಲಿ ಕೊಡುತ್ತಾರೆ, ಟಿಬಿ ಚಿಕಿತ್ಸೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಅವ್ವ ಆರಾಮಾಗುತ್ತಾರೆ. ಜೀವನಪರ್ಯಂತ ಔಷಧ ಬೇಕಾಗುವುದು ಅಪರೂಪ. ರಕ್ತದಲ್ಲಿ ಎಎನ್‌ಎ ಬಹಳ ಕಾಲ ಉಳಿಯಬಹುದು, ತಿಂಗಳಿಗೊಮ್ಮೆ ಅದಕ್ಕೆ ದುಡ್ಡು ಸುರಿಯಬೇಡಿ. ಇಂಥ ಲೂಪಸ್ ಮೂತ್ರಪಿಂಡವನ್ನು ಮುಟ್ಟುವುದು ಕಡಿಮೆ. ಆದರೂ ಒಂದು ವರ್ಷ ಮೂತ್ರ ಪರೀಕ್ಷೆ ಮಾಡಿಸುತ್ತಲೇ ಇರುತ್ತೇನೆ, ಇದು ನನ್ನ ಎಚ್ಚರಿಕೆ.

ಪ್ರಶ್ನೆ: ಸಂತ್ಯಾಗ ಕೀಲು ಬ್ಯಾನಿ ಪುಡಿ ಸಿಗತೈತಿ. ಎರಡು ದಿನದಾಗ ಆರಾಮ ಅಂತಾರ. ಅವ್ವಗ ಕೊಡ್ಲೇನ್ರಿ?

ಉತ್ತರ: ಕೊಡಲೇಬೇಡಿ! ಎರಡು ದಿನಕ್ಕೆ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಟಿಬಿ ಇದ್ದವರಿಗೆ ಲೆಕ್ಕವಿಲ್ಲದೆ ಸ್ಟೀರಾಯ್ಡ್ ಕೊಡುವುದು ಬೆಂಕಿಗೆ ಎಣ್ಣೆ ಹೊಯ್ದ ಹಾಗೆ. ಅಂಥ ಪುಡಿ ಮಾರುವವರು ಜೀವದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ಅಮೃತಬಳ್ಳಿ ಕಷಾಯ ಕುಡಿದರೆ ರೋಗನಿರೋಧಕ ಶಕ್ತಿ ಹೆಚ್ಚಿ ಲೂಪಸ್ ಹೋಗುತ್ತದಂತೆ? (ಗೋಕಾಕ)

ಉತ್ತರ: ದಾರಿ ತಪ್ಪಿದ ಶಕ್ತಿಯನ್ನು ಹೆಚ್ಚಿಸಿ ಏನು ಮಾಡುತ್ತೀರಿ? ಅಮೃತಬಳ್ಳಿ ಸೇವಿಸಿದವರಲ್ಲಿ ಆಟೋಇಮ್ಯೂನ್ (ದೇಹ ತನ್ನ ಮೇಲೇ ಏರಿಹೋಗುವ) ರೀತಿಯ ಯಕೃತ್ತಿನ ಉರಿಯೂತ ಕಂಡುಬಂದ ವರದಿಗಳು 2021ರಲ್ಲಿ ಮುಂಬೈಯಿಂದಲೇ ಬಂದಿವೆ. ಆ ಕಷಾಯ ಬಿಡಿ.

ಪ್ರಶ್ನೆ: ಬಿಪಿ ಗುಳಿಗೆಗಳೆಲ್ಲ ಲೂಪಸ್ ತರುತ್ತವೆಯೇ? (ಸಿಂದಗಿ)

ಉತ್ತರ: ಇಲ್ಲ. ಮುಖ್ಯ ಹೆಸರು ಹೈಡ್ರಲಾಜಿನ್, ಅದೂ ಹೆಚ್ಚಾಗಿ ದಿನಕ್ಕೆ 200 ಮಿಲಿಗ್ರಾಂ ದಾಟಿ ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ.

ಪ್ರಶ್ನೆ: ಬದನೆಕಾಯಿ, ಶೇಂಗಾ ನಂಜು ಅಂತಾರ. ಬಿಡಿಸಬೇಕೇನ್ರಿ? (ಮುಧೋಳ)

ಉತ್ತರ: ಬೇಡ. ಟಿಬಿಯಿಂದ ಸೊರಗಿದವರಿಗೆ ಹೊಟ್ಟೆ ತುಂಬ ಊಟ ಬೇಕು, ಶೇಂಗಾ ಹಿಂಡಿ ಹಾಕಿ ರೊಟ್ಟಿ ಕೊಡಿ.