ಕ್ಯಾಲ್ಸಿಯಂ ಕಡಿಮೆ ಇದ್ದರೆ ಶುಗರ್ ಏರುತ್ತಾ?

ನೀವು ಕೇಳಿದ್ದು ಇಷ್ಟು: ಹೊಸದುರ್ಗದಲ್ಲಿರುವ ನಿಮ್ಮ ತಾಯಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 7.8 ಬಂದಿದೆ, ಅದೇ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 8.2, ಅಂದರೆ ಸ್ವಲ್ಪ ಕಡಿಮೆ ಅಂತಿದೆ. ಇನ್ಸುಲಿನ್ ಹೊರಬರಲು ಕ್ಯಾಲ್ಸಿಯಂ ಬೇಕು ಅಂತ ಓದಿದ್ದೀರಿ. ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಶುಗರ್ ಇಳಿಯುತ್ತಾ?

ಇಳಿಯುವುದಿಲ್ಲ. ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆದರೆ ಇಂಥ ಎರಡು ನಂಬರಿಗೆ ಗಂಟು ಹಾಕಿಕೊಂಡು ಗಾಬರಿಯಾಗುವವರನ್ನು ಕೌಂಟರಿನಲ್ಲಿ ನೋಡುತ್ತಲೇ ಇರುತ್ತೇನೆ.

ನೀವು ಓದಿದ್ದೇನೋ ನಿಜ. ಊಟವಾದ ಮೇಲೆ ಗ್ಲೂಕೋಸ್ ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದೊಳಗೆ ಹೋಗುತ್ತದೆ. ಅಲ್ಲಿ ಅದು ಉರಿದಾಗ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ವಸ್ತು, ಹೆಚ್ಚುತ್ತದೆ. ಎಟಿಪಿ ಹೆಚ್ಚಿದ ಕೂಡಲೇ ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ದಾರಿ ಮುಚ್ಚಿಕೊಳ್ಳುತ್ತದೆ. ಪೊರೆಯ ವೋಲ್ಟೇಜ್ ಬದಲಾಗಿ ಕ್ಯಾಲ್ಸಿಯಂ ದಾರಿ ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ ಮೇಲೇ ಇನ್ಸುಲಿನ್ ತುಂಬಿದ ಪುಟ್ಟ ಚೀಲಗಳು ಹೊರಗೆ ಖಾಲಿಯಾಗುವುದು. ಶುಗರಿಗೆ ಕೊಡುವ ಗ್ಲಿಮೆಪಿರೈಡ್ ಮಾತ್ರೆ ಮಾಡುವುದೂ ಇದನ್ನೇ, ಆ ಪೊಟ್ಯಾಸಿಯಂ ದಾರಿ ಮುಚ್ಚುವ ಕೆಲಸ. 1966ರಲ್ಲೇ ಗ್ರೋಡ್‌ಸ್ಕಿ ಮತ್ತು ಬೆನೆಟ್ ಇಲಿಯ ಮೇದೋಜ್ಜೀರಕದಲ್ಲಿ ಇದನ್ನು ತೋರಿಸಿದ್ದರು: ಕ್ಯಾಲ್ಸಿಯಂ ಇಲ್ಲದ ದ್ರವ ಹರಿಸಿದರೆ ಎಷ್ಟು ಗ್ಲೂಕೋಸ್ ಕೊಟ್ಟರೂ ಇನ್ಸುಲಿನ್ ಬರಲಿಲ್ಲ. ಬಿಪಿಯ ವೆರಾಪಮಿಲ್ ಮಾತ್ರೆಯನ್ನು ಯಾರಾದರೂ ವಿಪರೀತ ನುಂಗಿದರೆ ಶುಗರ್ ಏರುವುದೂ ಆ ಕ್ಯಾಲ್ಸಿಯಂ ದಾರಿ ಕಟ್ಟುವುದರಿಂದಲೇ.

ಆದರೆ ಒಂದು ಲೆಕ್ಕ ನೋಡಿ. ಬೀಟಾ ಕೋಶದ ಹೊರಗಿರುವ ಕ್ಯಾಲ್ಸಿಯಂ, ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ನಿಮ್ಮ ಪಕ್ಕದ ಮಾರಿಕಣಿವೆ ಅಣೆಕಟ್ಟನ್ನೇ ತಗೊಳ್ಳಿ. ನೀರು 130 ಅಡಿ ಇರಲಿ, 125 ಇರಲಿ, ತೂಬು ಎತ್ತಿದರೆ ಕಾಲುವೆಗೆ ನೀರು ಬಂದೇ ಬರುತ್ತದೆ, ಅಲ್ವಾ? ಸಕ್ಕರೆ ಕಾಯಿಲೆಯಲ್ಲಿ ತೊಂದರೆ ಇರುವುದು ತೂಬಿನ ಕಡೆ: ಬೀಟಾ ಕೋಶ ಸೋತಿರುತ್ತದೆ, ಮೈ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ರಕ್ತದ ಕ್ಯಾಲ್ಸಿಯಂ ತೀರಾ ಕುಸಿದರೆ ಇನ್ಸುಲಿನ್ ಕುಗ್ಗಬಹುದು. ಆದರೆ ಅಷ್ಟು ಕುಸಿದವರಿಗೆ ತುಟಿ ಸುತ್ತ ಜುಮ್ಮೆನ್ನುವುದು, ಕೈಬೆರಳು ಸೆಟೆದುಕೊಳ್ಳುವುದು ಮೊದಲು ಕಾಣಿಸುತ್ತದೆ.

ಇನ್ನು ಆ 8.2. ಅದು ಒಟ್ಟು ಕ್ಯಾಲ್ಸಿಯಂ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಮುಂತಾದವುಗಳಿಗೆ ಅಂಟಿಕೊಂಡಿರುತ್ತದೆ, ಕೆಲಸಕ್ಕೆ ಬರುವುದು ಬಿಡಿಯಾಗಿರುವ ಅರ್ಧ ಮಾತ್ರ. ಅಲ್ಬುಮಿನ್ ಕಡಿಮೆಯಿದ್ದರೆ ಒಟ್ಟು ಸಂಖ್ಯೆಯೂ ಸುಮ್ನೆ ಕಡಿಮೆ ಕಾಣುತ್ತದೆ. ರೂಢಿಯ ಲೆಕ್ಕ: ಅಲ್ಬುಮಿನ್ 4ಕ್ಕಿಂತ 1 ಗ್ರಾಂ ಕಡಿಮೆಯಾದರೆ ಕ್ಯಾಲ್ಸಿಯಂಗೆ 0.8 ಸೇರಿಸಬೇಕು. ತಾಯಿಯ ಅಲ್ಬುಮಿನ್ 3 ಇದ್ದರೆ 8.2 ಅನ್ನುವುದು 9 ಆಯಿತು, ಅಂದರೆ ನಾರ್ಮಲ್. ಆಗ ಕೇಳಬೇಕಾದ ಪ್ರಶ್ನೆಯೇ ಬೇರೆ: ಅಲ್ಬುಮಿನ್ ಎಲ್ಲಿ ಹೋಯಿತು? ಶುಗರ್ ಇರುವವರಲ್ಲಿ ಕಿಡ್ನಿಯಿಂದ ಮೂತ್ರಕ್ಕೆ ಸೋರುತ್ತಿರಬಹುದು. ನನಗೆ ಮಾತ್ರೆಗಿಂತ ಇದೇ ದೊಡ್ಡ ವಿಷಯ. ಸ್ಯಾಂಪಲ್ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ ಉಲ್ಟಾ ಆಗುತ್ತದೆ, ಕ್ಯಾಲ್ಸಿಯಂ ಜಾಸ್ತಿ ಬರುತ್ತದೆ. ನರ ಸಿಗದ ಅಜ್ಜಿಯಂದಿರಲ್ಲಿ ಇದು ಆಗುವಂಥದ್ದೇ.

ಕ್ಯಾಲ್ಸಿಯಂ ನಿಜವಾಗಿ ಜಾಸ್ತಿ ಇದ್ದಿದ್ದರೆ ನಾನು ಹೆಚ್ಚು ಯೋಚಿಸುತ್ತಿದ್ದೆ. ಕುತ್ತಿಗೆಯಲ್ಲಿದ್ದು ಕ್ಯಾಲ್ಸಿಯಂ ಹತೋಟಿ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಕ್ಯಾಲ್ಸಿಯಂ ಏರಿದವರಲ್ಲಿ ಇನ್ಸುಲಿನ್‌ಗೆ ಮೈ ಬಗ್ಗದಿರುವುದು, ಸಕ್ಕರೆ ಕಾಯಿಲೆ ಎರಡೂ ಹೆಚ್ಚು ಕಾಣುತ್ತವೆ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಅಲ್ಬುಮಿನ್, ಕ್ರಿಯಾಟಿನಿನ್, ವಿಟಮಿನ್ ಡಿ, ಮೆಗ್ನೀಸಿಯಂ, ಮೂತ್ರದ ಅಲ್ಬುಮಿನ್ ಬಗ್ಗೆ ಕೇಳಿ. ಮೂಳೆಗೆ ಅಂತ ಅವರು ಕ್ಯಾಲ್ಸಿಯಂ ಬರೆದರೆ ಕೊಡಿ, ಶುಗರಿಗೆ ಅಂತ ನೀವೇ ಅಂಗಡಿಯಿಂದ ತರಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ನೂರು ಗ್ರಾಂಗೆ 300 ಮಿಲಿಗ್ರಾಂ ಮೇಲೆ. ಹಾಗಂತ ಎರಡು ಮುದ್ದೆ ಜಾಸ್ತಿ ಉಣ್ಣಿಸಿದರೆ ಶುಗರ್ ಏರುತ್ತದೆ, ಮುದ್ದೆಯೂ ಪಿಷ್ಟವೇ. ತಾಯಿ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ.