ನೋವಿಲ್ಲದಿದ್ದರೂ ಹಲ್ಲು ಕ್ಲೀನ್ ಮಾಡಿಸಬೇಕೇ? ಸಡಿಲವಾಗುವುದಿಲ್ಲವೇ?

ನೋವಿಲ್ಲದಾಗಲೇ ಹೋಗಿ. ವಸಡಿನ ರೋಗ ಹೆಚ್ಚಾಗಿ ನೋಯದೆಯೇ ಬೆಳೆಯುತ್ತದೆ. ಉಜ್ಜುವಾಗ ರಕ್ತ ಕಂಡರೆ ಅದೇ ಮೊದಲ ಸುಳಿವು. ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾ ಪದರ, ಅಂದರೆ ಪ್ಲಾಕ್, ಬ್ರಷ್‌ಗೆ ಹೋಗುತ್ತದೆ. ಆದರೆ ಉಳಿದದ್ದು ಜೊಲ್ಲಿನ ಖನಿಜ ಸೇರಿ ಕಲ್ಲಾದ ಮೇಲೆ ಯಾವ ಪೇಸ್ಟಿಗೂ ಬಗ್ಗದು. ಅದನ್ನು ದಂತವೈದ್ಯರು ಅಥವಾ ಡೆಂಟಲ್ ಹೈಜೀನಿಸ್ಟ್ (ಹಲ್ಲು ಶುಚಿ ಮಾಡುವ ತರಬೇತಿ ಪಡೆದವರು) ಸ್ಕೇಲಿಂಗ್, ಅಂದರೆ ಕ್ಲೀನಿಂಗ್, ಮಾಡಿ ತೆಗೆಯಬೇಕು.

ಸಡಿಲವಾಗುವ ಭಯ ನಮ್ಮ ಹಾಸನದ ಕಡೆ ಬಹಳ ಜನರಿಗಿದೆ. ಹಲ್ಲನ್ನು ಹಿಡಿದ ಮೂಳೆಯನ್ನು ಸವೆಸುವುದು ವಸಡಿನ ರೋಗ, ಸ್ಕೇಲಿಂಗ್ ಅಲ್ಲ. ಆಸರೆಯಂತಿದ್ದ ಕಲ್ಲು ಹೋದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೆ. ಕೆಲವು ದಿನ ಜುಮ್ಮೆನ್ನಬಹುದು.

ಸಕಲೇಶಪುರ, ಆಲೂರಿನ ಕಡೆ ಎಲೆ-ಅಡಿಕೆ, ಗುಟ್ಕಾ ಹಾಕುವವರು ಹಲ್ಲಿನ ತಪಾಸಣೆಯನ್ನು ಖಂಡಿತ ತಪ್ಪಿಸಬಾರದು. ಬಾಯೊಳಗಿನ ಬಿಳಿ ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ ಕ್ಯಾನ್ಸರ್‌ಗೆ ತಿರುಗುವ ಮೊದಲೇ ಕಣ್ಣಿಗೆ ಬೀಳುವುದು ಇಂಥ ತಪಾಸಣೆಯಲ್ಲೇ. ಸಕ್ಕರೆ ಕಾಯಿಲೆಯವರೂ ಅಷ್ಟೇ: ವಸಡು ಕೆಟ್ಟರೆ ಶುಗರ್ ಹತೋಟಿ ತಪ್ಪುತ್ತದೆ, ಶುಗರ್ ಏರಿದರೆ ವಸಡು ಕೆಡುತ್ತದೆ.

ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಸಾಕು. ವಸಡು ಕೆಟ್ಟಿದ್ದರೆ 3-4 ತಿಂಗಳಿಗೇ ಕರೆಯಬಹುದು. ಖರ್ಚಿನ ಚಿಂತೆಯಿದ್ದರೆ ಹಾಸನದ ಹಾಸನಾಂಬ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ.