ಮಗಳಿಗೆ ಯಾವ ಟ್ಯೂಬಾ ಕೊಡಿಸಲಿ?

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. 14 ವರ್ಷದ ಮಗಳು ಇಲ್ಲಿಯ ಬ್ರಾಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಥರದ ಕಾರ್ನೆಟ್ ಊದುತ್ತಿದ್ದಳು, ಈಗ ಹಿತ್ತಾಳೆ ವಾದ್ಯಗಳಲ್ಲೇ ದೊಡ್ಡದಾದ, ಅತಿ ಕೆಳಗಿನ ಸ್ವರದ ಟ್ಯೂಬಾ ಹಿಡಿದಿದ್ದಾಳೆ. ಶಾಲೆಯ ಆರ್ಕೆಸ್ಟ್ರಾಗೂ ಬೇಕು, ಜೊತೆಗೆ ಜಾಝ್ ಹುಚ್ಚು ಬೇರೆ. ಅಂಗಡಿಯವರು ಇ ಫ್ಲಾಟ್ ಅನ್ನುತ್ತಾರೆ. ಅಮೆರಿಕದಲ್ಲಿರುವ ಭಾವ ಸಿ ಟ್ಯೂಬಾನೇ ತಗೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳಲಿ ಸಾರ್?

ಉತ್ತರ: ಅಂಗಡಿಯವರ ಮಾತು ಕೇಳಿ. ಭಾವ ಹೇಳಿದ್ದೂ ಸುಳ್ಳಲ್ಲ, ಅದು ಅವರಿರುವ ಕಡೆಗೆ ಸರಿ. ಇ ಫ್ಲಾಟ್, ಸಿ ಅನ್ನುವುದೆಲ್ಲ ವಾದ್ಯದ ಮೂಲ ಶ್ರುತಿಯ ಹೆಸರು. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಸಿ ರೂಢಿ, ಜರ್ಮನಿಯಲ್ಲಿ ಎಫ್ ಮತ್ತು ಬಿ ಫ್ಲಾಟ್. ನಿಮ್ಮಲ್ಲಿಯ ಬ್ರಾಸ್ ಬ್ಯಾಂಡಿನಲ್ಲಿ ಎರಡು ಇ ಫ್ಲಾಟ್, ಎರಡು ಬಿ ಫ್ಲಾಟ್ ಇರುತ್ತವೆ. ಅವಕ್ಕೂ ಕಾರ್ನೆಟ್ಟಿನ ಹಾಗೇ ಸ್ವರಲಿಪಿಯನ್ನು, ಮೇಲಿನ ಸ್ವರಗಳಿಗೆ ಬಳಸುವ ಗುರುತಾದ ಟ್ರೆಬಲ್ ಕ್ಲೆಫ್‌ನಲ್ಲಿ ಬರೆಯುತ್ತಾರೆ. ಹಾಗಾಗಿ ನಿಮ್ಮ ಮಗಳು ಬೆರಳಾಟ ಹೊಸದಾಗಿ ಕಲಿಯಬೇಕಿಲ್ಲ.

ಆರ್ಕೆಸ್ಟ್ರಾದಲ್ಲಿ ಬಾಸ್ ಕ್ಲೆಫ್, ಅಂದರೆ ಕೆಳಗಿನ ಸ್ವರಗಳ ಗುರುತು, ಬರುತ್ತದೆ, ಹೆದರಬೇಡಿ. ಇ ಫ್ಲಾಟ್ ಟ್ಯೂಬಾದವರು ಅದನ್ನೇ ಟ್ರೆಬಲ್ ಅಂದುಕೊಂಡು ಓದಿ, ಮೂರು ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ಸೇರಿಸಿಕೊಂಡರೆ ಸ್ವರ ಸರಿಯಾಗಿ ಕೂರುತ್ತದೆ. ನಡುನಡುವೆ ಬರುವ ಶಾರ್ಪು, ಫ್ಲಾಟುಗಳ ಮೇಲೆ ಮಾತ್ರ ಒಂದು ಕಣ್ಣಿರಬೇಕು. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಟ್ಯೂಬಾ ವಾದಕ ಜಾನ್ ಫ್ಲೆಚರ್ ಅಂಥ ಘಟಾನುಘಟಿಯೇ ಇ ಫ್ಲಾಟ್ ಊದುತ್ತಿದ್ದರು.

ದೊಡ್ಡದಿದ್ದರೆ ಒಳ್ಳೆಯದು ಅನ್ನುವ ಭ್ರಮೆ ಮಾತ್ರ ಬೇಡ. ನಾನು ಮೈಸೂರಿನಲ್ಲಿ 28 ವರ್ಷ ಟ್ಯೂಬಾ ಊದಿದವನು. ಒಮ್ಮೆ ಐದು ಜನರ ಕ್ವಿಂಟೆಟ್‌ಗೆ ಮೆರವಣಿಗೆಯ ಬಿ ಫ್ಲಾಟ್ ಹೊತ್ತುಕೊಂಡು ಹೋದೆ. ಅದರ ಕೊಳವೆ ಬಿಚ್ಚಿ ಹಾಸಿದರೆ ಸುಮಾರು 18 ಅಡಿ, ಇ ಫ್ಲಾಟ್‌ನದು 13. ಬೀದಿಯಲ್ಲಿ ಅದು ರಾಜ. ಆ ಸಣ್ಣ ಸಭಾಂಗಣದಲ್ಲಿ ಉಳಿದ ನಾಲ್ವರೂ ಅದರ ಸದ್ದಿನಲ್ಲಿ ಮುಳುಗಿಹೋದರು. ಟ್ರಂಪೆಟ್ಟಿನವನು ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ.

ಜಾಝ್ ಕೂತು ನುಡಿಸೋದಾದರೆ ಇ ಫ್ಲಾಟೇ ಸಾಕು. ನ್ಯೂ ಆರ್ಲಿಯನ್ಸ್‌ನವರ ಹಾಗೆ ನಡೆಯುತ್ತಾ ಊದಬೇಕಾದರೆ ಭುಜಕ್ಕೆ ಸುತ್ತಿಕೊಳ್ಳುವ ಸೂಸಾಫೋನ್ ಬೇಕು. ಅದು ಆಮೇಲೆ ನೋಡೋಣ, ಅಲ್ವಾ?

ಕೊಳ್ಳುವಾಗ ಮುಖ್ಯವಾಗಿ ನಾಲ್ಕನೇ ವಾಲ್ವ್ ಇದೆಯಾ ನೋಡಿ. ವಾಲ್ವ್ ಅಂದರೆ ಬೆರಳಿನಿಂದ ಒತ್ತುವ ಕೀಲಿ, ಒತ್ತಿದರೆ ಗಾಳಿ ಹೋಗುವ ಕೊಳವೆ ಉದ್ದವಾಗುತ್ತದೆ. ಹಲವು ವಾಲ್ವ್ ಒಟ್ಟಿಗೆ ಒತ್ತಿದಾಗ ಕೊಳವೆಯ ಉದ್ದ ಸಾಲದೆ ಕೆಳಗಿನ ಸ್ವರಗಳು ಶ್ರುತಿಗಿಂತ ಮೇಲೇರುತ್ತವೆ. ಬ್ಲೈಕ್ಲಿ ಅನ್ನುವವರು 1874ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಹಾಗೆ ಒಟ್ಟಿಗೆ ಒತ್ತಿದಾಗ ಗಾಳಿ ಪುಟ್ಟ ಪುಟ್ಟ ಕೊಳವೆಗಳಲ್ಲಿ ಇನ್ನೊಂದು ಸುತ್ತು ಹೋಗಿ ಬರುತ್ತದೆ. ಇದಕ್ಕೆ 'ಕಾಂಪೆನ್ಸೇಟಿಂಗ್' ಅನ್ನುತ್ತಾರೆ, ಹಾಗಂತಲೇ ಕೇಳಿ ತಗೊಳ್ಳಿ. ತೂಕ ಸ್ವಲ್ಪ ಜಾಸ್ತಿ, ಬೆಲೆಯೂ ಜಾಸ್ತಿ. ಹಳೆಯದು ಸಿಕ್ಕರೂ ಪರವಾಗಿಲ್ಲ.

ಮಗಳನ್ನು ಅಂಗಡಿಯಲ್ಲೇ ಕೂರಿಸಿ ನೋಡಿ, ಕತ್ತು ಚಾಚದೆ ತುಟಿಗೆ ಮೌತ್‌ಪೀಸ್ ಎಟುಕಬೇಕು. ಹಾಗೇ ಕಾರಿನ ಡಿಕ್ಕಿ ಅಳೆದುಕೊಂಡು ಹೋಗಿ. ನಾನು ಅಳೆಯದೆ ಹೋಗಿ, ಕೊನೆಗೆ ವಾದ್ಯವನ್ನು ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದಿದ್ದೆ.